ಹರಿಶ್ಚಂದ್ರ ಘಾಟಿನ ಕಾವಲುಗಾರ

ಕಾಶಿಯ ಹರಿಶ್ಚಂದ್ರ ಘಾಟಿನಲ್ಲಿ ಇಂದಿಗೂ ಚಿತೆಗಳು ಉರಿಯುತ್ತವೆ. ಕನ್ನಡಿಗರಾದ ನಮಗೆ ಅಲ್ಲಿ ನೆನಪಾಗುವವನು ರಾಘವಾಂಕನ ಹರಿಶ್ಚಂದ್ರ. ಸ್ವಂತ ಮಗನ ಶವಕ್ಕೂ ಸುಡುಗಾಡಿನ ತೆರಿಗೆಯನ್ನು ಬಿಡದ ಕಾವಲುಗಾರ. ಮಮತೆಗೂ ಜಗ್ಗದ ಆ ನಿಷ್ಠೆಯನ್ನೇ ನಾವು ಪೊಲೀಸರಲ್ಲಿ ಅರಸುತ್ತೇವೆ.

ಆದರೆ ಕೊಲೆಯ ಆರೋಪ ಹೊತ್ತ ನಿರಪರಾಧಿ ಚಂದ್ರಮತಿಯ ಮೇಲೂ ಅವನು ಅಪ್ಪಣೆಯಂತೆ ಕತ್ತಿ ಎತ್ತಿದನು. ಅವಳನ್ನುಳಿಸಲು ಶಿವನೇ ಪ್ರತ್ಯಕ್ಷನಾಗಬೇಕಾಯಿತು.

1861ರ ಪೊಲೀಸ್ ಕಾಯ್ದೆಯೂ ಕಾನೂನುಬದ್ಧವಾದ ಆಜ್ಞೆಗಳನ್ನಷ್ಟೇ ಪಾಲಿಸಲು ಹೇಳಿತು. ಆಳುವವರ ಮರ್ಜಿಯಿಂದ ಅಧಿಕಾರಿಯನ್ನು ಬಿಡಿಸಲೆಂದು ಉತ್ತರ ಪ್ರದೇಶದ ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2006ರ ತೀರ್ಪು ಪ್ರಮುಖ ಹುದ್ದೆಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿಯನ್ನೂ, ಪೊಲೀಸರ ಮೇಲಿನ ದೂರುಗಳಿಗೆ ಪ್ರಾಧಿಕಾರಗಳನ್ನೂ ವಿಧಿಸಿತು.

ತೆರಿಗೆ ಕೇಳಿದ ಹರಿಶ್ಚಂದ್ರನನ್ನು ನಾವು ಮೆಚ್ಚೋಣ. ಕತ್ತಿ ಎತ್ತಿದವನನ್ನು ಪ್ರಶ್ನಿಸಲೂ ಕಲಿಯೋಣ.