ತಿಗುರಿಯಿಂದ ಇಳಿದ ಮಡಕೆ: ಕುಂಬಾರಿಕೆಯ ನಡುಹಂತದ ಕೌಶಲ

ಕುಂಬಾರಿಕೆಯ ಚರಿತ್ರೆಯನ್ನು ಬಹುಮಟ್ಟಿಗೆ ತಿಗುರಿಯ ಚರಿತ್ರೆಯಾಗಿಯೇ ಬರೆಯಲಾಗಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರು ಮೂರು ಸಂಸ್ಕೃತಿಗಳನ್ನು ಗುರುತಿಸಿದರು. ಮೊದಲಿನದರಲ್ಲಿ ಕೈಯಿಂದ ಮಾಡಿದ ಒರಟು ಪಾತ್ರೆಗಳು, ಬೃಹತ್ ಶಿಲಾ ಸಂಸ್ಕೃತಿಯಲ್ಲಿ ನಿಧಾನ ಚಕ್ರದ ಕಪ್ಪು-ಕೆಂಪು ಪಾತ್ರೆಗಳು, ಕೊನೆಯದರಲ್ಲಿ ವೇಗದ ಚಕ್ರದ ಪಾತ್ರೆಗಳು. ಈ ಕ್ರಮವು ಕಾಲನಿರ್ಣಯಕ್ಕೆ ಉಪಯುಕ್ತವೇ ಸರಿ. ಆದರೆ ಇದನ್ನೇ ಕೌಶಲದ ಏಣಿಯೆಂದು ಭಾವಿಸಿದರೆ, ತಿಗುರಿಯಿಂದ ಇಳಿಸಿದ ಮೇಲೆ ನಡೆಯುವ ಕೆಲಸ ಕಣ್ಮರೆಯಾಗುತ್ತದೆ.

ಹಣತೆ, ಕುಡಿಕೆ, ಮುಚ್ಚಳಗಳು ತಿಗುರಿಯ ಮೇಲೆಯೇ ಮುಗಿಯುತ್ತವೆ. ಕಲಿಯುವವನ ಕೈ ಮೊದಲು ಕುದುರುವುದು ಇವುಗಳಲ್ಲಿ. ಅಡುಗೆಯ ಮಡಕೆ, ನೀರಿನ ಕೊಡ ಹಾಗಲ್ಲ. ತಿಗುರಿಯ ಮೇಲೆ ಬಾಯಿ, ಕಂಠ, ದಪ್ಪನೆಯ ಒಡಲು ಮಾತ್ರ ಸಿದ್ಧವಾಗುತ್ತವೆ. ಅದು ಅರೆಯಾರಿದ ಬಳಿಕ ಒಳಗೆ ದುಂಡುಗಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ತಳವನ್ನು ದುಂಡಗಾಗಿಸಬೇಕು, ಗೋಡೆಯನ್ನು ತೆಳುವಾಗಿಸಬೇಕು. ಹಸಿ ಹೆಚ್ಚಿದ್ದರೆ ಒಡಲು ಕುಸಿಯುತ್ತದೆ, ಒಣಗಿದ್ದರೆ ಬಿರಿಯುತ್ತದೆ. ಕಲ್ಲೂ ಹಲಗೆಯೂ ಒಂದೇ ತಾವಿನಲ್ಲಿ ಕೂಡಬೇಕು. ಒಳಗಿನ ಕಲ್ಲಂತೂ ಕಣ್ಣಿಗೆ ಕಾಣದು. ಗೋಡೆಯ ದಪ್ಪವನ್ನು ಅಂಗೈಯ ಸ್ಪರ್ಶದಿಂದ, ಪೆಟ್ಟಿನ ಸದ್ದಿನಿಂದ ಅರಿಯಬೇಕು. ಮೂರು ಕಲ್ಲಿನ ಒಲೆಯ ಮೇಲೆ ಭದ್ರವಾಗಿ ಕೂರುವ, ಉರಿಗೆ ಮೂಲೆಯೊಡ್ಡದ ದುಂಡುತಳ ದೊರೆಯುವುದು ಈ ಹಂತದಲ್ಲಿಯೇ.

ಹರಿಹರನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಮಡಕೆ ಬಡಿಯುವ ಲಯಕ್ಕೆ ಶಿವನೇ ಕುಣಿಯುತ್ತಾನೆ. ಭಕ್ತಿಕಥನವನ್ನು ತಾಂತ್ರಿಕ ದಾಖಲೆಯಾಗಿ ಓದುವುದು ಸಲ್ಲದು. ಆದರೂ ಕವಿ ತಿಗುರಿಯ ತಿರುಗಾಟವನ್ನು ಬಿಟ್ಟು ಮಡಕೆಯ ಸದ್ದನ್ನೇ ಕುಣಿತಕ್ಕೆ ತಾಳವಾಗಿಸಿಕೊಂಡದ್ದು ಗಮನಾರ್ಹ.

ಪುರಾತತ್ತ್ವಜ್ಞರಿಗೂ ಇಲ್ಲೊಂದು ತೊಡಕಿದೆ. ತಟ್ಟುವಿಕೆ ಚಕ್ರದ ಗೆರೆಗಳನ್ನು ಅಳಿಸಿಬಿಡುತ್ತದೆ. ಅವು ಕಂಠದ ಬಳಿ ಮಾತ್ರ ಉಳಿಯಬಹುದು. ಒಡಲಿನ ಒಂದೇ ಚೂರನ್ನು ನೋಡಿ ಕೈಕೆಲಸವೋ ಚಕ್ರದ ಕೆಲಸವೋ ಎಂದು ತೀರ್ಮಾನಿಸುವುದು ಅಪಾಯಕರ. ಒಳಮೈಯಲ್ಲಿ ಕಲ್ಲು ಮೂಡಿಸಿದ ತಗ್ಗುಗಳನ್ನೂ ಹುಡುಕಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಲೋಪ ಮತ್ತೊಂದಿದೆ. ಅನೇಕ ಕುಂಬಾರ ಕುಟುಂಬಗಳಲ್ಲಿ ತಿಗುರಿ ಗಂಡಸರದು. ಮಣ್ಣು ಹದಮಾಡುವುದು, ಒರೆದು ನಯಗೊಳಿಸುವುದು, ಕೆಮ್ಮಣ್ಣು ಬಳಿಯುವುದು, ಎಷ್ಟೋ ಕಡೆ ತಟ್ಟುವುದೂ ಹೆಂಗಸರ ಪಾಲು. ತಿಗುರಿಯನ್ನೇ ಕಸುಬಿನ ಕೇಂದ್ರವಾಗಿಸಿದ ಬರಹಗಳಲ್ಲಿ ಅವರು ಕೇವಲ ಸಹಾಯಕರಾಗಿದ್ದಾರೆ.

2018ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರರಿಗೆ ವಿದ್ಯುತ್ ತಿಗುರಿಗಳನ್ನು ಹಂಚುವ ಕಾರ್ಯಕ್ರಮ ಆರಂಭಿಸಿತು. ತಿಗುರಿ ತಿರುಗಿಸುವ ದೈಹಿಕ ಶ್ರಮ ಇದರಿಂದ ತಗ್ಗುತ್ತದೆ, ಹಣತೆ ಕುಡಿಕೆಗಳು ಬೇಗ ಇಳಿಯುತ್ತವೆ. ದುಂಡುತಳದ ಮಡಕೆ ಮಾತ್ರ ಅರೆಯಾರುವವರೆಗೆ ಕಾದು, ಕಲ್ಲು ಹಲಗೆ ಬಲ್ಲ ಕೈಗೇ ಬರಬೇಕು.