ಬ್ರೆಜಿಲಿಯನ್ ಜಿಯು-ಜಿಟ್ಸು: ಹವ್ಯಾಸಿಗಳ ಅಭ್ಯಾಸ

ಎದುರಾಳಿಯನ್ನು ನೆಲಕ್ಕೆ ಕೆಡವಿ, ಕೀಲು ತಿರುಚಿ ಅಥವಾ ಕುತ್ತಿಗೆ ಬಿಗಿದು ಸೋಲೊಪ್ಪಿಸುವ ಮಲ್ಲಕಲೆ. 1914ರಲ್ಲಿ ಬ್ರೆಜಿಲ್‌ಗೆ ಬಂದ ಜಪಾನಿನ ಜೂಡೋಪಟು ಮಿತ್ಸುಯೊ ಮಯೇದಾ ಅವರಿಂದ ಬಂದ ವಿದ್ಯೆಯನ್ನು ಅಲ್ಲಿನ ಗ್ರೇಸಿ ಕುಟುಂಬ ಬೆಳೆಸಿತು.

ವಯಸ್ಕರ ಬೆಲ್ಟುಗಳು ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಕೆಲಸ ಮುಗಿಸಿ ವಾರಕ್ಕೆ ಎರಡು ಮೂರು ದಿನ ಬರುವವರಿಗೆ ಕಪ್ಪು ಬೆಲ್ಟಿಗೆ ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಅವಸರ ಇಲ್ಲಿ ನಡೆಯದು. ಹೊಸಬರು ಎಲ್ಲ ಪಟ್ಟುಗಳಿಗಿಂತ ಮೊದಲು ರೂಢಿಸಿಕೊಳ್ಳಬೇಕಾದ್ದು ‘ಟ್ಯಾಪ್’, ಅಂದರೆ ತಟ್ಟಿ ಸೋಲೊಪ್ಪುವುದು. ಸಿಕ್ಕಿಬಿದ್ದ ಮೊಣಕೈ ಪೂರ್ತಿ ನೆಟ್ಟಗಾಗುವ ಮುನ್ನವೇ ಜೊತೆಗಾರನ ಮೈಯನ್ನೋ ಮ್ಯಾಟನ್ನೋ ಪಟಪಟನೆ ತಟ್ಟಬೇಕು, ಆತ ತಕ್ಷಣ ಬಿಡಬೇಕು. ತಟ್ಟಿದೊಡನೆ ಬಿಡುತ್ತಾರೆಂಬ ಈ ನಂಬಿಕೆಯಿಂದಲೇ ನಿತ್ಯ ಬಿರುಸಾಗಿ ಸೆಣಸಲು ಸಾಧ್ಯ.

ತಡವಾಗಿ ಶುರು ಮಾಡಿದ ಹವ್ಯಾಸಿಗಳೂ ಇದ್ದಾರೆ: ಬಾಣಸಿಗ, ಲೇಖಕ ಆಂಥನಿ ಬೋರ್ಡೇನ್ ಐವತ್ತು ದಾಟಿದ ಮೇಲೆ ಕಲಿಯತೊಡಗಿ, 2016ರಲ್ಲಿ ನ್ಯೂಯಾರ್ಕಿನ ಪಂದ್ಯಾವಳಿಯೊಂದರಲ್ಲಿ ತಮ್ಮ ವಯೋವರ್ಗದ ನೀಲಿ ಬೆಲ್ಟ್ ಚಿನ್ನ ಗೆದ್ದರು.