ಯುರೋಪಿನ ಸರ್ಕಾರಿ ಲೆಕ್ಕ: ಏಕರೂಪತೆಯ ಹಾದಿ

ರಾಜ್ಯವೊಂದು ಲೆಕ್ಕ ಬರೆದಿಡುವ ಕ್ರಮದಲ್ಲಿ ಅದರ ಚರಿತ್ರೆಯೂ ಅಡಗಿರುತ್ತದೆ. ಯುರೋಪಿನ ವರ್ತಕರ ಜೋಡಿ ನಮೂದು ಪದ್ಧತಿಯನ್ನು ಲೂಕಾ ಪಾಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಜರ್ಮನ್ ಅರಸರ ಬೊಕ್ಕಸದ ಕೋಣೆಯಿಂದ ಹೆಸರು ಪಡೆದ 'ಕಾಮೆರಾಲಿಸ್ಟಿಕ್' ಪದ್ಧತಿಯಾದರೋ ಬಂದ ಹಣ, ಹೋದ ಹಣಗಳನ್ನೇ ಮುಖ್ಯವಾಗಿ ದಾಖಲಿಸಿತು. ಇಂತಹ ನಗದು ಲೆಕ್ಕದಲ್ಲಿ ನೌಕರರಿಗೆ ಮುಂದೆ ಸಲ್ಲಬೇಕಾದ ಪಿಂಚಣಿಯ ಭಾರ ಕಾಣದು. ಬಾಧ್ಯತೆ ಹುಟ್ಟಿದ ವರ್ಷದಲ್ಲಿಯೇ ಅದನ್ನು ನಮೂದಿಸುವುದು ಸಂಚಯ ಪದ್ಧತಿಯ ತತ್ತ್ವ.

2009ರ ಅಕ್ಟೋಬರಿನಲ್ಲಿ ಗ್ರೀಸ್ ದೇಶವು ಆ ವರ್ಷದ ಕೊರತೆಯ ಅಂದಾಜನ್ನು ಒಟ್ಟು ದೇಶೀಯ ಉತ್ಪನ್ನದ ಶೇ. 3.7ರಿಂದ ಶೇ. 12.5ಕ್ಕೆ ಏರಿಸಿದಾಗ ಸರ್ಕಾರಿ ಅಂಕಿಅಂಶಗಳ ಮೇಲಿನ ನಂಬಿಕೆಯೇ ಅಲುಗಾಡಿತು. ಅನಂತರದ ಬಿಕ್ಕಟ್ಟಿನಲ್ಲಿ ಸಂಬಳ, ಪಿಂಚಣಿಗಳ ಕಡಿತವನ್ನು ಅನುಭವಿಸಿದವರು ಜನಸಾಮಾನ್ಯರು. ಈ ಹಿನ್ನೆಲೆಯಲ್ಲಿ ಯುರೋಪಿಯನ್ ಒಕ್ಕೂಟವು 2011ರ ನವೆಂಬರಿನ ನಿರ್ದೇಶನದ ಮೂಲಕ, ಸಾರ್ವಜನಿಕ ವಲಯದ ಅಂತಾರಾಷ್ಟ್ರೀಯ ಲೆಕ್ಕ ಮಾನದಂಡಗಳು ಸದಸ್ಯ ರಾಷ್ಟ್ರಗಳಿಗೆ ಒಗ್ಗುವುವೇ ಎಂದು ಪರಿಶೀಲಿಸುವಂತೆ ಯುರೋಪಿಯನ್ ಆಯೋಗಕ್ಕೆ ಸೂಚಿಸಿತು. ಅವು ಇದ್ದಂತೆಯೇ ಒಗ್ಗವು, ಆದರೆ ಯುರೋಪಿನದೇ ಮಾನದಂಡಗಳಿಗೆ ತಳಹದಿಯಾಗಬಲ್ಲವು ಎಂದು 2013ರ ಮಾರ್ಚಿನಲ್ಲಿ ಆಯೋಗ ವರದಿ ನೀಡಿತು. ಆ ಮಾನದಂಡಗಳು ಇನ್ನೂ ಕಡ್ಡಾಯವಾಗಿಲ್ಲ. ಜರ್ಮನಿಯಲ್ಲಿ ಹೆಸ್ಸೆ ರಾಜ್ಯವು ಸಂಚಯ ಪದ್ಧತಿಗೆ ಹೊರಳಿದ್ದರೂ ಒಕ್ಕೂಟ ಸರ್ಕಾರವು ಹಳೆಯ ಕ್ರಮವನ್ನೇ ಉಳಿಸಿಕೊಂಡಿದೆ.

ಏಕರೂಪ ಮಾನದಂಡವೊಂದೇ ಪ್ರಾಮಾಣಿಕತೆಯನ್ನು ತರಲಾರದು. ಆದರೂ ಮುಂದಿನ ತಲೆಮಾರು ತೀರಿಸಬೇಕಾದ ಋಣವನ್ನು ಅದು ಇಂದಿನವರ ಕಣ್ಣಿಗೆ ಕಾಣಿಸಬಲ್ಲದು.